ಹದಿಮೂರನೆಯ ದಿನದ ಅನಂತರ



ಕಳೆದ ತಿಂಗಳ ಆಡಳಿತ ಮಂಡಳಿಯ ಸಭೆಗೆ ಮೂವರು ದಿವಂಗತ ಸದಸ್ಯರ ಷೇರು ವರ್ಗಾವಣೆಯ ಅರ್ಜಿಗಳು ಬಂದಿದ್ದವು. ಕಡತ ತೆಗೆಸಿ ನೋಡಿದರೆ, ಒಬ್ಬರು ಯಾರನ್ನೂ ನಾಮಿನಿಯಾಗಿ ಸೂಚಿಸಿರಲಿಲ್ಲ. ಇನ್ನೊಬ್ಬರು ಸೂಚಿಸಿದ್ದು ತಮ್ಮ ತಂದೆಯವರನ್ನು. ಆ ತಂದೆಯವರು ತೀರಿಕೊಂಡೇ ಹದಿನಾರು ವರ್ಷವಾಗಿದೆ. ಮೂರನೆಯವರ ಕಾಗದ ಮಾತ್ರ ಸರಿಯಿತ್ತು. ಆ ಮನೆಯವರಿಗೆ ಅದೇ ವಾರ ಹಣ ಪಾವತಿಯಾಯಿತು. ಉಳಿದೆರಡು ಮನೆಯ ಹೆಂಗಸರು ವಂಶವೃಕ್ಷಕ್ಕಾಗಿ ನಾಡಕಚೇರಿಗೂ ಅಲ್ಲಿಂದ ನಮ್ಮ ಕಚೇರಿಗೂ ಇನ್ನೂ ತಿರುಗುತ್ತಿದ್ದಾರೆ.

ಆ ಕಡತಗಳನ್ನು ಕಟ್ಟಿಡುವಾಗ ನಮ್ಮ ಒಬ್ಬ ಗೆಳೆಯನ ನೆನಪಾಯಿತು. ಅವನು ನಮ್ಮ ಸಂಘದ ಸದಸ್ಯನಲ್ಲ, ನಮ್ಮ ಜಿಲ್ಲೆಯವನೂ ಅಲ್ಲ. ಹೆಸರು ಬರೆಯಬೇಡಿ ಎಂದು ಅವನ ಮನೆಯವರು ಕೇಳಿಕೊಂಡಿದ್ದಾರೆ, ಆದ್ದರಿಂದ ಬರೆಯುವುದಿಲ್ಲ. ಆದರೆ ಅವನು ಹೋದ ಮೇಲೆ ನಾವು ಮಾಡಿದ ತಪ್ಪು, ಆಮೇಲೆ ಕಲಿತ ಪಾಠ ಇವೆರಡೂ ಈ ಪತ್ರಿಕೆಯನ್ನು ಓದುವ ಪ್ರತಿಯೊಂದು ಮನೆಗೂ ಸಂಬಂಧಪಟ್ಟವು ಎಂದು ನಮಗೆ ತೋರಿದೆ. ಆಪತ್ತಿಗಾದವನೇ ನೆಂಟ ಎಂದು ನಾವೆಲ್ಲ ಹೇಳುತ್ತೇವೆ. ಆಪತ್ತು ಹದಿಮೂರು ದಿನಕ್ಕೆ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ.

ಕೋಣೆಯ ಜೊತೆಗಾರ

1988ರಲ್ಲಿ ಶಿವಮೊಗ್ಗಕ್ಕೆ ಬಿ.ಎಸ್ಸಿ. ಓದಲು ಹೋದಾಗ ಹಾಸ್ಟೆಲಿನಲ್ಲಿ ನಮಗೂ ಅವನಿಗೂ ಒಂದೇ ಕೋಣೆ. ನಮ್ಮದು ಕೊಪ್ಪದ ಕಡೆ, ಕಾಫಿಯ ನಡುವೆ ಅಡಿಕೆ. ಅವನದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಎರಡೆಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿದ ಮೆಣಸು, ಮೇಲ್ಭಾಗದಲ್ಲಿ ಸೊಪ್ಪಿನ ಬೆಟ್ಟ. ಪದವಿ ಮುಗಿದೊಡನೆ ಇಬ್ಬರೂ ತೋಟಕ್ಕೆ ಮರಳಿದೆವು. ತೀರ್ಥಹಳ್ಳಿ, ಸಾಗರ ದಾಟಿ ಬಸ್ಸು ಬದಲಿಸುತ್ತ ಅವನ ಮನೆ ಸೇರುವುದಕ್ಕೆ ಒಂದು ಹಗಲು ಬೇಕು. ಹಾಗಾಗಿ ಭೇಟಿಗಿಂತ ಪತ್ರವೇ ಹೆಚ್ಚು.

ಕಾಫಿಯವರನ್ನು ಕೆಣಕುವುದೆಂದರೆ ಅವನಿಗೆ ಬಲು ಖುಷಿ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ದರ ಏರಿದಾಗ ಅವನಿಂದ ಒಂದು ಕಾರ್ಡು ಬಂತು: "ಬೇರೆಯವರ ತೋಟ ಸುಟ್ಟಾಗ ನಗುವ ಜಾತಿ ನಿಮ್ಮದು. ಆದರೂ ಒಂದು ಸೇರು ಪುಡಿ ಕಳಿಸು." ಪುಡಿ ಕಳಿಸಿದೆವು. 2001ರ ಹೊತ್ತಿಗೆ ಕಾಫಿ, ಅಡಿಕೆ ಎರಡರ ದರವೂ ಬಿದ್ದು ಇಬ್ಬರ ಹಾಸ್ಯವೂ ನಿಂತುಹೋಯಿತು. ಆ ವರ್ಷ ಆಳುಗಳ ಬಟವಾಡೆಗೂ ನಮ್ಮಲ್ಲಿ ಹಣವಿರಲಿಲ್ಲ. ನಾವು ಕೇಳಿರಲಿಲ್ಲ, ಪತ್ರದಲ್ಲಿ ಹೇಗೋ ಸುಳಿವು ಬಿದ್ದಿರಬೇಕು. ಹತ್ತು ಸಾವಿರ ರೂಪಾಯಿಯ ಡ್ರಾಫ್ಟ್ ಬಂತು, ಜೊತೆಗೆ ಒಂದು ಸಾಲಿನ ಚೀಟಿಯೂ ಇಲ್ಲ. ತೀರಿಸಲು ನಮಗೆ ನಾಲ್ಕು ವರ್ಷ ಹಿಡಿಯಿತು. ಅವನು ಒಂದು ದಿನವೂ ಕೇಳಲಿಲ್ಲ.

ಅವನಿಗೊಂದು ಅಭ್ಯಾಸವಿತ್ತು. ಅಂಗಳದ ಮೂಲೆಯಲ್ಲಿ ಮಳೆಮಾಪಕ ನೆಟ್ಟು, ದಿನವೂ ಬೆಳಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುವುದು. ಜ್ವರವಿದ್ದರೂ ತಪ್ಪಿಸುತ್ತಿರಲಿಲ್ಲ. ಮಳೆಯ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಇಟ್ಟ ಮನುಷ್ಯ ತನ್ನ ಮನೆಯ ಕಾಗದಪತ್ರದ ಲೆಕ್ಕವನ್ನು ಇಟ್ಟಿರಲಿಲ್ಲ. ನಾವೂ ಇಟ್ಟಿರಲಿಲ್ಲ, ಈ ಮಾತನ್ನು ಓದುತ್ತಿರುವವರಲ್ಲೂ ಹೆಚ್ಚಿನವರು ಇಟ್ಟಿಲ್ಲ.

ನಮ್ಮ ತಪ್ಪು

2018ರ ಜುಲೈ ನಡುವಿನಲ್ಲಿ ಅವನು ಹೋದ. ಎದೆನೋವು ಎಂದು ಜಗಲಿಯ ಮೇಲೆ ಕುಳಿತವನು ಆಸ್ಪತ್ರೆ ತಲಪಲಿಲ್ಲ. ನಲವತ್ತೆಂಟು ವರ್ಷ. ಮನೆಯಲ್ಲಿ ಹೆಂಡತಿ, ಪಿ.ಯು.ಸಿ. ಓದುವ ಮಗಳು, ಎಂಟನೆಯ ತರಗತಿಯ ಮಗ, ಎಪ್ಪತ್ತು ದಾಟಿದ ತಾಯಿ.

ಆ ವರ್ಷದ ಮಳೆ ನಿಮಗೆಲ್ಲ ನೆನಪಿದೆ. ಸುದ್ದಿ ಬಂದೊಡನೆ ಹೋದೆವು, ಮರುದಿನವೇ ಹಿಂದಿರುಗಿದೆವು. ನಮ್ಮ ತೋಟದಲ್ಲೂ ಎರಡನೆಯ ಮದ್ದು ಹೊಡೆಯುವ ಸಮಯ. ಹದಿಮೂರನೆಯ ದಿನಕ್ಕೆ ಹೋಗಲು ಮಳೆ ಬಿಡಲಿಲ್ಲ. ಬದಲಿಗೆ ಹದಿನೈದು ಸಾವಿರ ರೂಪಾಯಿಯನ್ನು ಬ್ಯಾಂಕಿನ ಮೂಲಕ ಕಳಿಸಿದೆವು. ನಮ್ಮ ತರಗತಿಯ ಇನ್ನೂ ಐದು ಮಂದಿ ಗೆಳೆಯರೂ ಕೈಲಾದಷ್ಟು ಕಳಿಸಿದರು. ಒಟ್ಟು 85,000 ರೂಪಾಯಿ ಆಯಿತು. ಕರ್ತವ್ಯ ಮುಗಿಯಿತು ಎಂದುಕೊಂಡೆವು.

ಚೌತಿಯ ಹಿಂದಿನ ದಿನ ಫೋನ್ ಮಾಡಿದಾಗ, ಮಾತಿನ ನಡುವೆ, ಹಣ ಉಪಯೋಗಕ್ಕೆ ಬಂತೇ ಎಂದು ಕೇಳಿದೆವು. ಅತ್ತಿಗೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾವ, ನೀವೆಲ್ಲ ಹಾಕಿದ್ದು ಅವರ ಖಾತೆಗೆ. ಬ್ಯಾಂಕಿನವರು ತೆಗೆಯಲು ಬಿಡುವುದಿಲ್ಲ" ಎಂದರು.

ಪದವೀಧರರಾದ ನಾವು ಆರು ಮಂದಿ ಸತ್ತವನ ಖಾತೆಗೆ ಹಣ ಕಳಿಸಿದ್ದೆವು. ಅದು ಅವನೊಬ್ಬನ ಹೆಸರಿನ ಹಳೆಯ ಖಾತೆ, ನಾಮಿನಿಯೂ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಸಹಿ ಆಗುವವರೆಗೆ ಅಲ್ಲಿಂದ ಒಂದು ರೂಪಾಯಿ ಹೊರಬರುವಂತಿರಲಿಲ್ಲ. ಎರಡು ತಿಂಗಳು ಆ ಮನೆ ಅಂಗಡಿಯ ಸಾಲದ ಮೇಲೆ ನಡೆದಿತ್ತು. ಸಹಾಯ ಮಾಡಿದವರಿಗೆ ನೋವಾದೀತೆಂದು ಅವರು ನಮಗೆ ತಿಳಿಸಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಆ ಎರಡು ತಿಂಗಳು ತೋಟವನ್ನು ಕಾದವರು ನೆರೆಮನೆಯವರು. ನಮಗೆಲ್ಲ ಗೊತ್ತಿರುವಂತೆ ಕೊಳೆರೋಗಕ್ಕೆ ಸೂತಕವಿಲ್ಲ. ಮೊದಲ ಮದ್ದು ಹೊಡೆದು ನಲವತ್ತು–ನಲವತ್ತೈದು ದಿನಕ್ಕೆ ಎರಡನೆಯದು ಆಗಲೇಬೇಕು. ತಪ್ಪಿದರೆ ಉದುರಿದ ಕಾಯಿಯನ್ನು ಹೆಕ್ಕುವುದೊಂದೇ ಕೆಲಸ. ಸುತ್ತಲಿನ ಐದು ಮನೆಯವರು ಒಂದು ಹೊಳವಿನ ದಿನ ನೋಡಿ ಬಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ತಾವೇ ಕದಡಿ, ಕೊನೆಗೌಡನನ್ನು ಕರೆತಂದು, ಎರಡು ದಿನದಲ್ಲಿ ಮದ್ದು ಹೊಡೆಸಿಕೊಟ್ಟರು. ಮುಯ್ಯಾಳಿನ ಲೆಕ್ಕ ಎಂದರಂತೆ. ಅವನು ಬದುಕಿದ್ದಾಗ ಆ ಐದೂ ಮನೆಗೆ ಹೋಗಿ ದುಡಿದಿದ್ದ. ಆ ವರ್ಷ ತೋಟ ಉಳಿದದ್ದು ನಮ್ಮ 85,000 ರೂಪಾಯಿಯಿಂದ ಅಲ್ಲ, ಈ ಎರಡು ದಿನದಿಂದ.

ಅದೇ ದಿನ ಅತ್ತೆ–ಸೊಸೆ ಇಬ್ಬರೂ ಫೋನಿನಲ್ಲಿ ಮಾತಾಡಿದರು. 2001ರಲ್ಲಿ ನಮಗೆ ಕಳಿಸಿದ ಹತ್ತು ಸಾವಿರ ಅತ್ತಿಗೆಯವರ ಸರ ಅಡವಿಟ್ಟು ತಂದದ್ದು ಎಂಬ ಸಂಗತಿ ಅಂದು ಆ ಹಿರಿಯರ ಬಾಯಿಂದ ತಿಳಿಯಿತು. "ನಿನಗೆ ಹೇಳಬಾರದು ಅಂದಿದ್ದ ತಮಾ, ಈಗ ಅವನೇ ಇಲ್ಲ" ಎಂದರು. ನಮಗೆ ಮಾತು ಹೊರಡಲಿಲ್ಲ.

ದೂರದವರಿಂದ ಆಗುವುದು, ಆಗದಿರುವುದು

ಅಂದಿನಿಂದ ಪ್ರತಿ ಭಾನುವಾರ ಸಂಜೆ ಫೋನ್ ಮಾಡುವುದೆಂದು ನಿಶ್ಚಯಿಸಿಕೊಂಡೆವು. ಗೆಳೆಯರೆಲ್ಲ ಸೇರಿ ಕೆಲಸವನ್ನು ಹಂಚಿಕೊಂಡೆವು. ಬೆಂಗಳೂರಿನಲ್ಲಿ ಲೆಕ್ಕಪತ್ರದ ವೃತ್ತಿಯಲ್ಲಿರುವವನಿಗೆ ಬ್ಯಾಂಕು, ವಿಮೆಯ ಕಾಗದ. ಹುಬ್ಬಳ್ಳಿಯ ಉಪನ್ಯಾಸಕನಿಗೆ ಮಕ್ಕಳ ಓದು. ಮಸ್ಕತ್‌ನಲ್ಲಿರುವವನು ಪ್ರತಿವರ್ಷ ಮೇ ತಿಂಗಳಲ್ಲಿ, ಶಾಲೆ ಕಾಲೇಜಿನ ಶುಲ್ಕಕ್ಕೆ ಮುಂಚೆ, ಹಣ ಕಳಿಸುವುದು. ಈ ಬಾರಿ ಅತ್ತಿಗೆಯವರ ಹೊಸ ಖಾತೆಗೆ. ನಮ್ಮ ಪಾಲಿಗೆ ಬಂದದ್ದು ತೋಟದ ಲೆಕ್ಕ ಮತ್ತು ದರದ ವಿಚಾರ. ಎಲ್ಲರೂ ಎಲ್ಲವನ್ನೂ ವಿಚಾರಿಸುತ್ತಿದ್ದರೆ ಯಾರೂ ಏನನ್ನೂ ಮಾಡುತ್ತಿರಲಿಲ್ಲ. ಒಬ್ಬನಿಗೆ ಒಂದು ಕೆಲಸ ಎಂದಾದ ಮೇಲೆ ನಡೆಯಿತು.

ಮೊದಲ ಭಾನುವಾರಗಳಲ್ಲೇ ಫಲ ಕಂಡಿತು. ಬೆಂಗಳೂರಿನ ಗೆಳೆಯ ಮಗಳಿಗೆ ಪಾಸ್‌ಬುಕ್ ಹಿಡಿದು ಒಂದೊಂದೇ ಸಾಲು ಓದಲು ಹೇಳಿದ. ಮೇ ಕೊನೆಯ ಒಂದು ದಿನ 330 ರೂಪಾಯಿ, ಅದೇ ದಿನ 12 ರೂಪಾಯಿ ಕಡಿತವಾಗಿತ್ತು. ಬ್ಯಾಂಕಿನ ಖರ್ಚಿರಬೇಕೆಂದು ಮನೆಯವರು ತಿಳಿದಿದ್ದರು. ಮೊದಲನೆಯದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ಕಂತು. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಯಾವ ಕಾರಣದಿಂದ ಸಾವು ಸಂಭವಿಸಿದರೂ ಮನೆಯವರಿಗೆ 2 ಲಕ್ಷ ರೂಪಾಯಿ ಸಲ್ಲುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಯಾರೋ ಫಾರಂ ಕೊಟ್ಟಾಗ ಅವನು ಸಹಿ ಹಾಕಿ ಮರೆತಿದ್ದ. ಕ್ಲೇಮನ್ನು ಮೂವತ್ತು ದಿನದೊಳಗೆ ಸಲ್ಲಿಸಬೇಕಿತ್ತು. ಆಗ ಎರಡು ತಿಂಗಳು ಕಳೆದಿತ್ತು. ವಿಳಂಬದ ಕಾರಣ ಬರೆದು, ಮೂರು ಬಾರಿ ಪತ್ರ ವ್ಯವಹಾರ ಮಾಡಿ, ಆರನೆಯ ತಿಂಗಳಿಗೆ ಹಣ ಬಂತು. ಮಗಳು ಪದವಿ ಓದಿದ್ದು ಆ ಹಣದಲ್ಲಿ. ದೂರದಲ್ಲಿ ಕುಳಿತವನೊಬ್ಬ ಒಂದು ಗಂಟೆ ತಾಳ್ಮೆಯಿಂದ ಪಾಸ್‌ಬುಕ್ ಓದಿಸಿದ್ದು ನಾವೆಲ್ಲ ಕಳಿಸಿದ ಹಣದ ಎರಡರಷ್ಟಕ್ಕಿಂತ ಹೆಚ್ಚು ಬೆಲೆಯ ಕೆಲಸವಾಯಿತು.

ಇನ್ನು ನಾವು ಎಡವಿದ್ದನ್ನೂ ಹೇಳಬೇಕು. ಸೆಪ್ಟೆಂಬರಿನಲ್ಲಿ ಚೇಣಿಯವನೊಬ್ಬ ಬಂದು ಇಡೀ ಫಸಲನ್ನು ಮರದ ಮೇಲೆಯೇ ಕೇಳಿದ. ಗಂಡಸಿಲ್ಲದ ಮನೆ, ಮುಂಗಡ ಈಗಲೇ ಕೊಡುತ್ತೇನೆ ಎಂದ. ಅತ್ತಿಗೆಯವರು ನಮ್ಮನ್ನು ಕೇಳಿದರು. ಕೊಟ್ಟುಬಿಡಿ, ತಲೆನೋವು ತಪ್ಪುತ್ತದೆ ಎಂದು ನಾವು ಕೂತಲ್ಲಿಂದಲೇ ತೀರ್ಪು ಕೊಟ್ಟೆವು. ಅವರು ತೋಟಕ್ಕೆ ಹೋಗಿ ಮಗನ ಜೊತೆ ಕೊನೆ ಎಣಿಸಿ ಬಂದು, "ಭಾವ, ನೀವು ಈ ವರ್ಷ ತೋಟ ನೋಡಿಲ್ಲ. ನಾನು ಕೊಡುವುದಿಲ್ಲ" ಎಂದರು. ಕೊಯ್ಲು ಮಾಡಿಸಿ, ಚಾಲಿ ಒಣಗಿಸಿ, ಅಲ್ಲಿನ ಸಹಕಾರಿ ಸಂಘದಲ್ಲಿ ಟೆಂಡರಿಗೆ ಇಟ್ಟರು. ಚೇಣಿಯವನು ಹೇಳಿದ್ದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚೇ ಬಂತು. ದೂರದವನು ದರ ಹೇಳಬಹುದು, ಕಾಗದ ಓದಬಹುದು, ಶುಲ್ಕ ಕಟ್ಟಬಹುದು. ತೀರ್ಮಾನ ಮಾತ್ರ ಆ ಮನೆಯವರದೇ ಆಗಬೇಕು. ಗಂಡ ಸತ್ತ ಹೆಂಗಸಿಗೆ ಬುದ್ಧಿ ಹೇಳುವವರು ಊರಲ್ಲಿ ಕಡಮೆಯಿಲ್ಲ. ಅವರ ಸಾಲಿನಲ್ಲಿ ಗೆಳೆಯನೂ ನಿಲ್ಲಬೇಕಾಗಿಲ್ಲ.

ಕಾಗದದ ಮಾತು

ಅತ್ತಿಗೆಯವರನ್ನು ಹೆಚ್ಚು ಕಾಡಿದ್ದು ಪಹಣಿ. ಪಹಣಿ ಬದಲಾಗದೆ ಬೆಳೆಸಾಲವಿಲ್ಲ. ಬೆಳೆಸಾಲವಿಲ್ಲದೆ ಮುಂದಿನ ಮಳೆಗಾಲಕ್ಕೆ ಮೈಲುತುತ್ತವಿಲ್ಲ. ಪೌತಿ ಖಾತೆಗೆ ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು. ಹಿಂದೂ ಕುಟುಂಬಗಳಲ್ಲಿ 1956ರ ಉತ್ತರಾಧಿಕಾರ ಕಾಯಿದೆಯಂತೆ ಮೃತನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರೂ ಮೊದಲ ವರ್ಗದ ವಾರಸುದಾರರು. ತಾಯಿಯ ಹೆಸರನ್ನು ಬಿಟ್ಟು ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದವರು ನಮ್ಮಲ್ಲೇ ಇದ್ದಾರೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲಿಯೇ ತಂದಿತ್ತು; 2005ರಲ್ಲಿ ಕೇಂದ್ರದ ತಿದ್ದುಪಡಿಯಾಯಿತು; 2005ರಲ್ಲಿ ತಂದೆ ಬದುಕಿರದಿದ್ದರೂ ಮಗಳಿಗೆ ಆ ಹಕ್ಕು ಉಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಮದುವೆಯಾಗಿ ಹೋದವಳಿಗೆ ಏನು ಎಂಬ ಮಾತನ್ನು ಇನ್ನಾದರೂ ಬಿಡಬೇಕು. ಬಿಡದವರ ಮನೆಯ ಖಾತೆ ತಕರಾರಿನಲ್ಲಿ ನಿಲ್ಲುತ್ತದೆ, ತೋಟ ಹಾಳಾಗುತ್ತದೆ.

ವಿಮೆಯ ವಿಚಾರದಲ್ಲಿ ಇನ್ನೊಂದು ಮಾತು. ಪಾಸ್‌ಬುಕ್ಕಿನಲ್ಲಿದ್ದ ಆ 12 ರೂಪಾಯಿ ಅಪಘಾತ ವಿಮೆಯದು. 2022ರ ಜೂನ್‌ನಿಂದ ಜೀವನಜ್ಯೋತಿಯ ಕಂತು 436 ರೂಪಾಯಿ, ಸುರಕ್ಷಾ ವಿಮೆಯದು 20 ರೂಪಾಯಿ ಆಗಿದೆ. ಮೊದಲನೆಯದಕ್ಕೆ 18ರಿಂದ 50 ವರ್ಷದೊಳಗೆ ಸೇರಬೇಕು, ರಕ್ಷಣೆ 55ರವರೆಗೆ; ಎರಡನೆಯದು 70ರವರೆಗೆ. ಅಡಿಕೆ ಮರ ಹತ್ತುವವನು, ಏಣಿಯ ಮೇಲೆ ನಿಂತು ಮೆಣಸು ಕೊಯ್ಯುವವನು, ತಂತಿಯ ಕೆಳಗೆ ಅಲ್ಯೂಮಿನಿಯಂ ಏಣಿ ಎತ್ತುವವನು ಇವರೆಲ್ಲರಿಗೂ ಈ ಇಪ್ಪತ್ತು ರೂಪಾಯಿ ಇರಲೇಬೇಕು. ನಮ್ಮ ಕೊನೆಗಾರರಿಗೂ ಆಳುಗಳಿಗೂ ತೋಟದ ಯಜಮಾನರೇ ಮುಂದೆ ನಿಂತು ಮಾಡಿಸಬೇಕು. ಮರದಿಂದ ಬಿದ್ದವರನ್ನು, ಹಾವು ಕಚ್ಚಿದವರನ್ನು ಒಡನೆಯೇ ಆಸ್ಪತ್ರೆಗೆ ಸೇರಿಸಿ, ಕಾರಣವನ್ನು ಅಲ್ಲಿಯ ದಾಖಲೆಯಲ್ಲಿ ಬರೆಸಿಕೊಳ್ಳಬೇಕು. ಇಲ್ಲವಾದರೆ ಕ್ಲೇಮು ನಿಲ್ಲುವುದಿಲ್ಲ.

ಸಂಘದ ಪಾಲು

ಸಂಘ ಅನಾಥಾಲಯವಲ್ಲ ಎಂದು ನಮ್ಮ ನಿರ್ದೇಶಕರೊಬ್ಬರು ಸಭೆಯಲ್ಲಿ ಹೇಳಿದರು. ಮಾತು ಸರಿಯೇ. ಆದರೆ ಲೆಕ್ಕದ ದೃಷ್ಟಿಯಿಂದಲೇ ನೋಡೋಣ. ಸದಸ್ಯ ಸತ್ತು ಖಾತೆ ಬದಲಾಗದೆ ಕುಳಿತರೆ ಅವನ ಸಾಲ ಸುಸ್ತಿಯಾಗುತ್ತದೆ, ಅವನ ಅಡಿಕೆ ಚೇಣಿಯವನ ಪಾಲಾಗುತ್ತದೆ, ಅವನ ಕಾಫಿ ನಮ್ಮ ಗೋದಾಮಿಗೆ ಬರುವುದಿಲ್ಲ, ಎರಡು ವರ್ಷದ ಮೇಲೆ ತೋಟವೇ ಮಾರಾಟವಾಗುತ್ತದೆ. ಆ ಮನೆ ಉಳಿದರೆ ಸಂಘಕ್ಕೆ ಒಬ್ಬ ಸದಸ್ಯೆ ಉಳಿಯುತ್ತಾಳೆ. ನಮ್ಮ ಗೆಳೆಯನ ಊರಿನ ಸಂಘದಲ್ಲಿ ಅತ್ತಿಗೆಯವರು 2019ರಲ್ಲಿ ತಮ್ಮ ಹೆಸರಿನಲ್ಲಿಯೇ ಸದಸ್ಯರಾದರು. ಅಂದಿನಿಂದ ಒಂದು ಕಂತೂ ಬಾಕಿ ಉಳಿದಿಲ್ಲ.

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘವನ್ನು ಕಟ್ಟಿದಾಗ ಅದು ಒಂದು ಊರಿನ ಸಂಘ. ಎಲ್ಲರೂ ಎಲ್ಲರಿಗೂ ಮುಖಪರಿಚಿತರು. ಯಾರ ಮನೆಯಲ್ಲಿ ಏನಾಯಿತೆಂದು ಕಡತ ನೋಡಿ ತಿಳಿಯಬೇಕಾಗಿರಲಿಲ್ಲ. ಇಂದು ಸಂಘಗಳು ಬೆಳೆದಿವೆ, ಮಕ್ಕಳು ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಇಬ್ಬರು ವಯಸ್ಸಾದವರು ಮಾತ್ರ. ಅಂದು ತಾನಾಗಿ ಆಗುತ್ತಿದ್ದುದನ್ನು ಇಂದು ಗೊತ್ತುಮಾಡಿ ಮಾಡಬೇಕಾಗಿದೆ. ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾವು ನಾಲ್ಕು ಸಲಹೆಗಳನ್ನು ಇಡಲಿದ್ದೇವೆ.

ಒಂದು, ಎಲ್ಲ ಸದಸ್ಯರ ನಾಮಿನಿ ಹೆಸರನ್ನೂ ಈ ವರ್ಷವೇ ಪರಿಶೀಲಿಸುವುದು. ಷೇರಿಗೆ ಮಾತ್ರವಲ್ಲ, ಠೇವಣಿಗೂ ಉಳಿತಾಯ ಖಾತೆಗೂ. ಆದಷ್ಟು ಮಟ್ಟಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಉಳಿದವರು ತೆಗೆಯಬಹುದಾದ ಖಾತೆ ಇಡುವುದು.

ಎರಡು, ಪ್ರತಿ ಮನೆಯಲ್ಲೂ ಒಂದು ಹಾಳೆ ಬರೆದಿಡುವುದು. ಸರ್ವೆ ನಂಬರು, ಸಾಲ, ಜಾಮೀನು, ವಿಮೆ, ಬ್ಯಾಂಕು ಖಾತೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು. ಬಾಯಿಮಾತಿನ ಕೈಸಾಲವನ್ನೂ ಬರೆಯಿರಿ. ಹಾಳೆ ಎಲ್ಲಿದೆಯೆಂದು ಹೆಂಡತಿಗೂ ಮಕ್ಕಳಿಗೂ ಗೊತ್ತಿರಲಿ. ಬರೆಯುವುದು ಅಪಶಕುನವೆಂದು ಭಾವಿಸುವವರು, ಬರೆಯದೆ ಹೋದವರ ಮನೆಗೆ ಒಮ್ಮೆ ಹೋಗಿ ಬರಬೇಕು.

ಮೂರು, ಸದಸ್ಯರೊಬ್ಬರು ತೀರಿಕೊಂಡಾಗ ಹತ್ತಿರದ ಇಬ್ಬರು ಸದಸ್ಯರನ್ನು ಸಂಘವೇ ಒಂದು ವರ್ಷದ ಮಟ್ಟಿಗೆ ನೇಮಿಸುವುದು. ಒಬ್ಬರು ತೋಟದ ಕೆಲಸಕ್ಕೆ, ಒಬ್ಬರು ಕಾಗದಕ್ಕೆ. ಮಳೆಗಾಲದಲ್ಲಾದರೆ ಮದ್ದು, ಕೊಯ್ಲಿನ ಕಾಲದಲ್ಲಾದರೆ ಕೊಯ್ಲು ನಿಲ್ಲದಂತೆ ನೋಡುವುದು ಅವರ ಹೊಣೆ. ಪರ ಊರಿನಲ್ಲಿರುವ ಮಕ್ಕಳೂ ಗೆಳೆಯರೂ ಸಂಪರ್ಕಿಸಬೇಕಾದದ್ದು ಈ ಇಬ್ಬರನ್ನು.

ನಾಲ್ಕು, ಪರಿಹಾರದ ಚೆಕ್ ಕೊಡುವಾಗ ಭಾವಚಿತ್ರ ತೆಗೆಯುವುದನ್ನು ನಿಲ್ಲಿಸುವುದು. ಐದು ಮಂದಿ ಪದಾಧಿಕಾರಿಗಳು ಒಂದು ಚೆಕ್ಕನ್ನು ಹಿಡಿದು ನಗುವ, ನಡುವೆ ಒಬ್ಬ ಹೆಂಗಸು ತಲೆತಗ್ಗಿಸಿ ನಿಂತಿರುವ ಚಿತ್ರಗಳು ಈ ಪತ್ರಿಕೆಯಲ್ಲೂ ಅಚ್ಚಾಗಿವೆ. ಅದು ಆಕೆಯ ಗಂಡ ದುಡಿದು ಕಟ್ಟಿದ ಸಂಘ, ಕೊಡುತ್ತಿರುವುದು ಭಿಕ್ಷೆಯಲ್ಲ.

ಈಗಲೂ ಭಾನುವಾರದ ಫೋನು ನಿಂತಿಲ್ಲ. ನಾವು ಕೊಟ್ಟದ್ದು ಎಷ್ಟು, ಅವರಿಂದ ಕಲಿತದ್ದು ಎಷ್ಟು ಎಂದು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇವೆ. ಮಗ ಓದು ಮುಗಿಸಿ ತೋಟಕ್ಕೇ ಬಂದಿದ್ದಾನೆ. ಮಳೆಮಾಪಕ ಅಂಗಳದ ಮೂಲೆಯಲ್ಲಿ ಹಾಗೆಯೇ ಇದೆ. ಅಪ್ಪ ಹೋದ ವಾರ ಖಾಲಿ ಬಿದ್ದಿರುವ ಏಳು ಸಾಲುಗಳನ್ನು ಬಿಟ್ಟರೆ ಪುಸ್ತಕವೂ ಮುಂದುವರಿದಿದೆ. ಮಾತು ಮುಗಿಸುವ ಮುನ್ನ ಅವನು ಆ ವಾರದ ಮಳೆ ಓದುತ್ತಾನೆ, ನಾವು ನಮ್ಮ ಕಡೆಯದನ್ನು ಹೇಳುತ್ತೇವೆ.

ಸರ್ವಸದಸ್ಯರ ಸಭೆಗೆ ಬರುವಾಗ ಪಾಸ್‌ಬುಕ್ಕನ್ನೂ ಷೇರು ಪತ್ರವನ್ನೂ ತಪ್ಪದೆ ತನ್ನಿ. ಕಚೇರಿಯ ಗುಮಾಸ್ತರು ಅಂದು ಬೆಳಗ್ಗೆ ಒಂಬತ್ತು ಗಂಟೆಯಿಂದಲೇ ನಾಮಿನಿ ಫಾರಂ ಹಿಡಿದು ಕುಳಿತಿರುತ್ತಾರೆ. ಹೆಂಡತಿಯನ್ನೂ ಕರೆದುಕೊಂಡು ಬನ್ನಿ. ಊಟ ಇಬ್ಬರಿಗೂ ಉಂಟು.

– ಕಾರ್ಯದರ್ಶಿ